ಗುಡ್ಡದ ದಾರಿಗೊಂದು ಸೈಕಲ್ಲು: ಕೊಳ್ಳುವಿಕೆ, ಮಾರ್ಪಾಡು, ಪಾಲನೆ

(8, 9 ಮತ್ತು 10ನೆಯ ತರಗತಿಗಳಿಗೆ ಭಾಷೆ, ಗಣಿತ, ವಿಜ್ಞಾನಗಳನ್ನು ಕೂಡಿಸಿದ ಪಾಠಾಂಶ. ಐದು ಪಾಠಾವಧಿಗಳು ಮತ್ತು ಒಂದು ಶನಿವಾರದ ಬೆಳಗು.)

ತಮಿಳುನಾಡಿನ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹನ್ನೊಂದನೆಯ ತರಗತಿಗೆ ಬಂದ ಮಕ್ಕಳಿಗೆ ರಾಜ್ಯವು ಸೈಕಲ್ಲುಗಳನ್ನು ಹಂಚುತ್ತದೆ. ಆ ಯೋಜನೆಯ ತಮಿಳು ಹೆಸರು 'ವಿಲೈಯಿಲ್ಲಾ ಮಿದಿವಂಡಿ', ಎಂದರೆ ಬೆಲೆಯಿಲ್ಲದ ತುಳಿಬಂಡಿ. ಕರ್ನಾಟಕದಲ್ಲಿಯೂ 2006–07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ದೊರೆತದ್ದುಂಟು. ಇಂತಹ ಸೈಕಲ್ಲುಗಳಿಗೆ ಇರುವುದು ಸಾಮಾನ್ಯವಾಗಿ ಒಂದೇ ಗೇರು. ಹೊಸೂರಿನ ಬಯಲಿನಲ್ಲಿ ಅದು ಸಾಲುತ್ತದೆ. ತಾಳವಾಡಿಯ ಮೇಲ್ನಾಡಿನಲ್ಲಿ, ನೀಲಗಿರಿಯ ಚಹಾ ತೋಟಗಳ ನಡುವೆ, ವಯನಾಡಿನ ಏರಿಳಿವಿನಲ್ಲಿ ದಾರಿಯ ಒಂದು ಪಾಲನ್ನು ಅದನ್ನು ತಳ್ಳಿಕೊಂಡೇ ಸಾಗಬೇಕಾಗುತ್ತದೆ. ಆದ್ದರಿಂದ ಕೈಯಲ್ಲಿ ಸ್ವಲ್ಪ ಹಣ ಕೂಡಿದ ಮನೆಯವರು ಪೇಟೆಗೆ ಹೋಗಿ 'ಗೇರ್ ಸೈಕಲ್ಲು' ಕೇಳುತ್ತಾರೆ. ಅಂಗಡಿಯ ಮುಂದೆ ನಿಲ್ಲಿಸಿರುವುದರಲ್ಲಿ ಹೆಚ್ಚು ಹೊಳೆಯುವುದನ್ನು ಮಗುವೂ ಆರಿಸುತ್ತದೆ, ತಂದೆಯೂ ಒಪ್ಪುತ್ತಾನೆ. ನಾಲ್ಕು ತಿಂಗಳಿಗೆ ಗೇರು ಕೂರುವುದಿಲ್ಲ, ಬ್ರೇಕು ಹಿಡಿಯುವುದಿಲ್ಲ. ದುರಸ್ತಿಗೆ ಬೇಕಾದ ಬಿಡಿಭಾಗ ಹತ್ತಿರದ ಊರಿನಲ್ಲಿ ಸಿಗುವುದಿಲ್ಲ. ಸೈಕಲ್ಲು ಕೊಟ್ಟಿಗೆ ಸೇರುತ್ತದೆ. ಹೈಸ್ಕೂಲು ಆರು ಕಿಲೋಮೀಟರು ದೂರವಿರುವ ಹಳ್ಳಿಯಲ್ಲಿ, ಅದೂ ಹೆಣ್ಣುಮಗಳ ವಿಷಯದಲ್ಲಿ, ಕೊಟ್ಟಿಗೆ ಸೇರಿದ್ದು ಸೈಕಲ್ಲು ಮಾತ್ರವೇ ಎಂಬುದನ್ನು ಶಿಕ್ಷಕರೇ ಬಲ್ಲರು.

ಈ ಪಾಠಾಂಶವು ಅಂತಹ ಕೊಳ್ಳುವಿಕೆಯನ್ನು ತರಗತಿಯ ಒಳಗೆ ತರುತ್ತದೆ. ಮಗುವಿಗೆ ಅನುಪಾತ, ಕಾರ್ಯ, ಉಷ್ಣ, ವಿಧಾನ ನಿರೂಪಣೆಯ ಗದ್ಯ ಇವೆಲ್ಲವನ್ನೂ ಕಲಿಸಲು ಒಂದು ಸೈಕಲ್ಲು ಸಾಕು. ಆದರೆ ಪಾಠದ ಮೊದಲ ಪ್ರಯೋಜನ ಪರೀಕ್ಷೆಯದಲ್ಲ, ಅಂಗಡಿಯ ಮುಂದೆ ನಿಂತಾಗಿನದು ಎಂಬುದನ್ನು ಶಿಕ್ಷಕರು ಮರೆಯಬಾರದು.

ಮೊದಲ ಅವಧಿ: ಗುಜರಿಯಿಂದ ಹುಟ್ಟಿದ ಬಂಡಿ

'ಮೌಂಟನ್ ಬೈಕ್' ಎಂಬುದು ಶ್ರೀಮಂತರ ಆಟಿಕೆಯೆಂಬ ಭಾವನೆ ಮಕ್ಕಳಲ್ಲಿದೆ. ಅದರ ಹುಟ್ಟಿನ ಕಥೆ ಬೇರೆಯೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಎಂಬ ಕೌಂಟಿಯಿದೆ. 1970ರ ದಶಕದಲ್ಲಿ ಅಲ್ಲಿಯ ಕೆಲವು ತರುಣರು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಲ್ಪಬೆಲೆಗೆ ಬಿದ್ದಿದ್ದ 1930–40ರ ದಶಕಗಳ ದಪ್ಪ ಟೈರಿನ ಸೈಕಲ್ಲುಗಳನ್ನು ತಂದು, ಮಡ್‌ಗಾರ್ಡು ಮೊದಲಾದ ಅಲಂಕಾರಗಳನ್ನು ಕಿತ್ತೆಸೆದು, ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. ಅವುಗಳಲ್ಲಿ ಷ್ವಿನ್ ಕಂಪೆನಿಯವೇ ಹೆಚ್ಚು. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಈ ಇಳಿಯುವಿಕೆಯೇ ಒಂದು ಸ್ಪರ್ಧೆಯಾಯಿತು. ದಾರಿ ಮೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು; ಇಳಿತ ಸುಮಾರು 400 ಮೀಟರು. ಹಿಂದಿನ ಗಾಲಿಯ ಹಬ್ಬಿನೊಳಗೇ ಇದ್ದ ಬ್ರೇಕು ಒಂದು ಇಳಿತಕ್ಕೆ ಎಷ್ಟು ಕಾಯುತ್ತಿತ್ತೆಂದರೆ, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಕೆಳಗೆ ತಲುಪಿದ ಮೇಲೆ ಹಬ್ಬನ್ನು ಬಿಚ್ಚಿ ಮತ್ತೆ ಗ್ರೀಸು ತುಂಬಬೇಕು. ಹೀಗೆ 'ಮತ್ತೆ ತುಂಬುವುದು' ಎಂಬರ್ಥದ 'ರೀಪ್ಯಾಕ್' ಎಂಬ ಹೆಸರೇ ಆ ದಾರಿಗೂ ಸ್ಪರ್ಧೆಗೂ ನಿಂತಿತು.

ಜೋ ಬ್ರೀಜ್ ಎಂಬಾತ 1977ರಲ್ಲಿ ಇಂತಹ ದಾರಿಗೆಂದೇ ಹೊಸ ಚೌಕಟ್ಟನ್ನು ಕಟ್ಟಿದನು. ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ 1979ರಲ್ಲಿ ಟಾಮ್ ರಿಚೀ ಕಟ್ಟಿದ ಚೌಕಟ್ಟುಗಳನ್ನು ಮಾರಲು 'ಮೌಂಟನ್ ಬೈಕ್ಸ್' ಎಂಬ ಹೆಸರಿನಲ್ಲಿ ವ್ಯಾಪಾರ ತೊಡಗಿದರು. ಇಡೀ ಜಾತಿಗೆ ಅದೇ ಹೆಸರಾಯಿತು. 1981ರಲ್ಲಿ ಸ್ಪೆಷಲೈಸ್ಡ್ ಕಂಪೆನಿ 'ಸ್ಟಂಪ್‌ಜಂಪರ್' ಎಂಬ ಮಾದರಿಯನ್ನು ಕಾರ್ಖಾನೆಯಲ್ಲಿ ತಯಾರಿಸಿ ಮಾರಾಟಕ್ಕೆ ತಂದಿತು. ಹಳೆಯ ಸೈಕಲ್ಲುಗಳ 26 ಅಂಗುಲದ ಗಾಲಿಯಳತೆಯೇ ಹೊಸ ಬಂಡಿಗೂ ಬಂದು, ಇಂದು ನಮ್ಮ ಪೇಟೆಗಳಲ್ಲಿ ಮಾರುವ ಅಗ್ಗದ ಎಂ.ಟಿ.ಬಿ.ಗಳಲ್ಲಿಯೂ ಉಳಿದಿದೆ.

ಈ ಕಥೆಯಿಂದ ಎರಡು ಪ್ರಶ್ನೆಗಳನ್ನು ಎಬ್ಬಿಸಬಹುದು. ಆ ತರುಣರು ಏನನ್ನು ಸೇರಿಸಿದರು, ಏನನ್ನು ಕಿತ್ತರು? ಇಳಿಜಾರಿನಲ್ಲಿ ಬ್ರೇಕು ಕಾದದ್ದೇಕೆ? ಎರಡನೆಯ ಪ್ರಶ್ನೆಗೆ ಮೂರನೆಯ ಅವಧಿಯಲ್ಲಿ ಲೆಕ್ಕದ ಉತ್ತರ ಸಿಗುತ್ತದೆ.

ಎರಡನೆಯ ಅವಧಿ: ಹಲ್ಲು ಎಣಿಸುವುದು

ತರಗತಿಗೆ ಎರಡು ಸೈಕಲ್ಲು ಬೇಕು: ಒಂದು ಸಾಮಾನ್ಯ ಸೈಕಲ್ಲು, ಒಂದು ಗೇರಿನದು. ಗೇರಿನದು ಯಾವ ಮಗುವಿನದಾಗಿದ್ದರೂ ಅದರ ಬೆಲೆಯನ್ನು ತರಗತಿಯಲ್ಲಿ ಕೇಳಬಾರದು. ಸೈಕಲ್ಲಿಲ್ಲದ ಮಕ್ಕಳು ಅದೇ ಬೆಂಚಿನಲ್ಲಿರುತ್ತಾರೆ.

ಮಕ್ಕಳು ಚೈನ್‌ವೀಲಿನ ಹಲ್ಲುಗಳನ್ನೂ ಫ್ರೀವೀಲಿನ ಹಲ್ಲುಗಳನ್ನೂ ಎಣಿಸಲಿ. ಎಣಿಸಲಾರಂಭಿಸಿದ ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕದಿದ್ದರೆ ಮೂವರ ಲೆಕ್ಕ ಮೂರು ಬಗೆಯಾಗುತ್ತದೆ; ಆಗಲಿ, ಆಮೇಲೆ ಗುರುತು ಹಾಕುವ ಉಪಾಯ ಅವರಿಗೇ ಹೊಳೆಯುತ್ತದೆ. ಸಾಮಾನ್ಯ ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲುಗಳಿವೆಯೆಂದು ಇಟ್ಟುಕೊಳ್ಳೋಣ. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಗಾಲಿ 44/18, ಎಂದರೆ 2.44 ಸುತ್ತು ಬರುತ್ತದೆ. 28×1½ ಅಳತೆಯ ಗಾಲಿಯ ಸುತ್ತಳತೆ ಸುಮಾರು 2.23 ಮೀಟರು. ಆದ್ದರಿಂದ ಒಂದು ತುಳಿತದ ಸುತ್ತಿಗೆ ಸೈಕಲ್ಲು ಸುಮಾರು 5.45 ಮೀಟರು ಮುಂದೆ ಹೋಗುತ್ತದೆ. ಇದನ್ನು ಬಾಯಿಮಾತಿನಲ್ಲಿ ಬಿಡದೆ ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಸೈಕಲ್ಲನ್ನು ನಡೆಸಿ, ಟೇಪಿನಿಂದ ಅಳೆದು ನೋಡಬೇಕು.

ಗೇರಿನ ಸೈಕಲ್ಲಿನಲ್ಲಿ ಮುಂದಿನ ಮೂರು ವೀಲುಗಳಿಗೆ 42, 34, 24 ಹಲ್ಲುಗಳೂ ಹಿಂದಿನ ಗೊಂಚಲಿಗೆ 14ರಿಂದ 28ರ ವರೆಗೆ ಹಲ್ಲುಗಳೂ ಇರುವುದು ಅಗ್ಗದ ಎಂ.ಟಿ.ಬಿ.ಗಳಲ್ಲಿ ಸಾಮಾನ್ಯ. 26×1.95 ಗಾಲಿಯ ಸುತ್ತಳತೆ ಸುಮಾರು 2.05 ಮೀಟರು. 42ಕ್ಕೆ 14 ಹಾಕಿದಾಗ ಒಂದು ಸುತ್ತಿಗೆ 6.15 ಮೀಟರು, 24ಕ್ಕೆ 28 ಹಾಕಿದಾಗ 1.76 ಮೀಟರು ಮಾತ್ರ.

ಇಷ್ಟರಿಂದ ಏರಿನ ಕಷ್ಟವನ್ನು ಅಂಕೆಯಲ್ಲಿ ಹಿಡಿಯಬಹುದು. ಮಗು 50, ಸೈಕಲ್ಲು 15, ಪುಸ್ತಕದ ಚೀಲ 5, ಒಟ್ಟು 70 ಕಿಲೋಗ್ರಾಂ. ಹದಿನೈದು ಮೀಟರಿಗೆ ಒಂದು ಮೀಟರು ಏರುವ ದಾರಿ. ಇಳಿಜಾರಿನ ಉದ್ದಕ್ಕೂ ಬೇಕಾದ ಬಲ 70×9.8÷15, ಸುಮಾರು 45.7 ನ್ಯೂಟನ್. ಪೆಡಲಿನ ಕ್ರ್ಯಾಂಕು 17 ಸೆಂಟಿಮೀಟರಾದರೆ ಪಾದವು ಒಂದು ಸುತ್ತಿಗೆ ಸುಮಾರು 1.07 ಮೀಟರು ಚಲಿಸುತ್ತದೆ. ಪಾದ ಮಾಡಿದ ಕಾರ್ಯವೂ ಸೈಕಲ್ಲು ಏರಿದ ಕಾರ್ಯವೂ ಸಮವೆಂದು ಹಿಡಿದರೆ, ಒಂದೇ ಗೇರಿನ ಸೈಕಲ್ಲಿನಲ್ಲಿ ಪಾದ ಒತ್ತಬೇಕಾದ ಸರಾಸರಿ ಬಲ ಸುಮಾರು 233 ನ್ಯೂಟನ್, ಎಂ.ಟಿ.ಬಿ.ಯ ಚಿಕ್ಕ ಗೇರಿನಲ್ಲಿ ಸುಮಾರು 75. ಐವತ್ತು ಕಿಲೋ ಮಗುವಿನ ಭಾರವೇ 490 ನ್ಯೂಟನ್. ಒಂದೇ ಗೇರಿನಲ್ಲಿ ಏರುವ ಮಗು ಪ್ರತಿ ಸುತ್ತಿನುದ್ದಕ್ಕೂ ಸರಾಸರಿಯಲ್ಲಿ ತನ್ನ ಭಾರದ ಅರ್ಧದಷ್ಟನ್ನು ಒತ್ತುತ್ತಿರಬೇಕೆಂದಾಯಿತು. ಪೆಡಲು ಮೇಲೆ ಕೆಳಗೆ ಇದ್ದಾಗ ಒತ್ತಡ ಹತ್ತುವುದಿಲ್ಲವಾದ್ದರಿಂದ ನಡುವಿನಲ್ಲಿ ಇನ್ನೂ ಹೆಚ್ಚು ಒತ್ತಬೇಕು. ಅದಕ್ಕೇ ಸೀಟಿನಿಂದ ಎದ್ದು ನಿಂತು ತುಳಿಯುವುದು. ಘರ್ಷಣೆಯನ್ನೂ ಗಾಳಿಯನ್ನೂ ಇಲ್ಲಿ ಬಿಟ್ಟಿದೆ.

ಸರಕಾರದ ಸೈಕಲ್ಲೋ ಅಣ್ಣನ ಹಳೆಯ ಸೈಕಲ್ಲೋ ಆಗಲೇ ಇರುವ ಮನೆಗೆ ಇಲ್ಲಿಯೇ ಒಂದು ಅಗ್ಗದ ಮಾರ್ಪಾಡು ಕಾಣಿಸುತ್ತದೆ. ಹಿಂದಿನ 18 ಹಲ್ಲಿನ ಫ್ರೀವೀಲನ್ನು ತೆಗೆಸಿ 22 ಹಲ್ಲಿನದನ್ನು ಹಾಕಿಸಿದರೆ ಅನುಪಾತ ಸರಿಯಾಗಿ 2ಕ್ಕೆ ಇಳಿಯುತ್ತದೆ. ಮೇಲಿನ ಏರಿಗೆ ಬೇಕಾದ ಬಲ 233ರಿಂದ 191ಕ್ಕೆ ಬರುತ್ತದೆ. ಸರಪಳಿಗೆ ಒಂದು ಜೊತೆ ಕೊಂಡಿ ಸೇರಿಸಬೇಕಾಗಬಹುದು. ಬಯಲಿನಲ್ಲಿ ವೇಗ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುವುದನ್ನೂ ಮಕ್ಕಳಿಂದಲೇ ಹೇಳಿಸಬೇಕು. ಹೊಸ ಸೈಕಲ್ಲು ಕೊಳ್ಳುವ ಮಾತಿಗಿಂತ ಮೊದಲು ಈ ಲೆಕ್ಕ ಮನೆಗೆ ಹೋಗುವುದು ಒಳ್ಳೆಯದು.

ಮೂರನೆಯ ಅವಧಿ: ಇಳಿಯುವಾಗಿನ ಉಷ್ಣ

ಸತ್ಯಮಂಗಲದಿಂದ ದಿಂಬಂ ಘಟ್ಟಕ್ಕೆ 27 ತಿರುವುಗಳು. ಮಸಿನಗುಡಿಯಿಂದ ಕಲ್ಲಟ್ಟಿ ದಾರಿಯಲ್ಲಿ ಉದಕಮಂಡಲಕ್ಕೆ 36. ಆ ಹೆದ್ದಾರಿಗಳಲ್ಲಿ ಮಕ್ಕಳು ಸೈಕಲ್ಲು ಇಳಿಸತಕ್ಕದ್ದಲ್ಲ. ಆದರೆ ಹಳ್ಳಿಯ ದಾರಿಗಳಲ್ಲಿಯೂ ನೂರು ಮೀಟರು ಇಳಿತ ಅಪರೂಪವಲ್ಲ. ಎಪ್ಪತ್ತು ಕಿಲೋಗ್ರಾಂ ನೂರು ಮೀಟರು ಇಳಿದರೆ ಕಳೆದುಕೊಳ್ಳುವ ಶಕ್ತಿ 70×9.8×100, ಎಂದರೆ 68,600 ಜೂಲ್. ಒಂದು ಲೀಟರು ನೀರನ್ನು 16 ಡಿಗ್ರಿಯಷ್ಟು ಕಾಯಿಸಲು ಅದು ಸಾಕು. ಒಂದು ಪಾಲನ್ನು ಗಾಳಿ ನುಂಗುತ್ತದೆ. ನಿಧಾನವಾಗಿ ಇಳಿದರೆ ಉಳಿದದ್ದೆಲ್ಲ ಬೆರಳಿನಗಲದ ರಬ್ಬರು ಬಿಲ್ಲೆಗಳಿಗೂ ರಿಮ್ಮಿಗೂ ಬರುತ್ತದೆ. ರೀಪ್ಯಾಕಿನ ಹೊಗೆ ಎಲ್ಲಿಂದ ಬಂತೆಂಬುದು ಈಗ ತಿಳಿಯುತ್ತದೆ.

ಆದ್ದರಿಂದ ಗುಡ್ಡಗಾಡಿನಲ್ಲಿ ಸೈಕಲ್ಲು ಕೊಳ್ಳುವವನು ಮೊದಲು ನೋಡಬೇಕಾದದ್ದು ಗೇರಲ್ಲ, ಬ್ರೇಕು. ಹೊಳೆಯುವ ಕ್ರೋಮಿನ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರು ಜಾರುತ್ತದೆ. ಬ್ರೇಕು ಹಿಡಿದರೂ ಬಂಡಿ ನಿಲ್ಲಲು ಎಷ್ಟೋ ದೂರ ಬೇಕು. ಅಲ್ಯುಮಿನಿಯಂ ಮಿಶ್ರಲೋಹದ ರಿಮ್ಮಿನ ಮೇಲೆ ಅದೇ ಬಿಲ್ಲೆ ಮಳೆಯಲ್ಲಿಯೂ ಬಹುಮಟ್ಟಿಗೆ ಹಿಡಿಯುತ್ತದೆ. ಕಾಸರಗೋಡು, ವಯನಾಡಿನಂತಹ ಮಳೆಯ ಸೀಮೆಯಲ್ಲಿ ಈ ಒಂದು ವ್ಯತ್ಯಾಸವು ಉಳಿದ ಹತ್ತು ಸೌಕರ್ಯಗಳಿಗಿಂತ ದೊಡ್ಡದು. ಡಿಸ್ಕ್ ಬ್ರೇಕು ಚೆನ್ನಾಗಿದ್ದರೆ ಉತ್ತಮವೇ. ಆದರೆ ಅಗ್ಗದ ಸೈಕಲ್ಲಿಗೆ ತೋರಿಕೆಗಾಗಿ ಹಾಕಿದ ಡಿಸ್ಕ್ ಬ್ರೇಕಿಗಿಂತ ಮಿಶ್ರಲೋಹದ ರಿಮ್ಮೂ ಸಾಮಾನ್ಯ ವಿ-ಬ್ರೇಕೂ ಮೇಲು. ಅದರ ಬಿಲ್ಲೆ ಸಣ್ಣ ಪೇಟೆಯಲ್ಲಿಯೂ ಸಿಗುತ್ತದೆ, ಮಗುವೇ ಬದಲಿಸಬಹುದು.

ಇಳಿಯುವಾಗ ಎರಡೂ ಬ್ರೇಕುಗಳನ್ನು ಒಟ್ಟಿಗೆ, ತಿರುವಿಗೆ ಮುಂಚೆಯೇ, ಬಿಟ್ಟು ಬಿಟ್ಟು ಹಿಡಿಯುವ ಅಭ್ಯಾಸವನ್ನು ಅಂಗಳದಲ್ಲಿ ಮಾಡಿಸಬೇಕು. 'ಮುಂದಿನ ಬ್ರೇಕು ಮುಟ್ಟಬೇಡ, ಬೀಳುತ್ತೀಯ' ಎಂದು ಮನೆಗಳಲ್ಲಿ ಹೇಳುವುದು ಅರ್ಧ ಸತ್ಯ. ನಿಲ್ಲಿಸುವ ಬಲ ಹೆಚ್ಚಾಗಿರುವುದು ಮುಂದಿನದಕ್ಕೇ. ಅದನ್ನೊಂದನ್ನೇ ಥಟ್ಟನೆ ಹಿಡಿಯುವುದು ಅಪಾಯ.

ನಾಲ್ಕನೆಯ ಅವಧಿ: ಅಂಗಡಿಯಲ್ಲಿ

ಒಂಬತ್ತು ಸಾವಿರ ರೂಪಾಯಿ ಕೂಡಿಸಿದ ಒಂದು ಮನೆಯನ್ನು ಕಲ್ಪಿಸಿಕೊಳ್ಳಲು ಮಕ್ಕಳಿಗೆ ಹೇಳಬೇಕು. ಮುಂದೆ ಬರುವ ಬೆಲೆಗಳೆಲ್ಲ ಲೆಕ್ಕಕ್ಕಾಗಿ ಇಟ್ಟುಕೊಂಡವು; ಶಿಕ್ಷಕರು ತಮ್ಮ ಪೇಟೆಯ ಬೆಲೆಗಳನ್ನು ಮಕ್ಕಳಿಂದಲೇ ವಿಚಾರಿಸಿ ತರಿಸಿ ಬದಲಿಸಿಕೊಳ್ಳಬೇಕು. ಆ ವಿಚಾರಣೆಯೂ ಪಾಠದ ಭಾಗವೇ.

ಒಂದು ದಾರಿ: ಒಂಬತ್ತು ಸಾವಿರವನ್ನೂ ಕೊಟ್ಟು ಮುಂದೆ ಹಿಂದೆ ಸ್ಪ್ರಿಂಗು, ಡಿಸ್ಕ್ ಬ್ರೇಕು, 21 ಗೇರುಗಳುಳ್ಳ ಹೊಸ ಸೈಕಲ್ಲು ತರುವುದು. ಈ ಬೆಲೆಯಲ್ಲಿ ಹಿಂದಿನ ಸ್ಪ್ರಿಂಗು ಎಂಬುದು ಭಾರ ಹೆಚ್ಚಿಸಿ ತುಳಿತದ ಶಕ್ತಿಯನ್ನು ಕುಣಿತಕ್ಕೆ ವ್ಯಯಿಸುವ ಸಾಧನವೇ ಸರಿ. ಮುಂದಿನ ಸ್ಪ್ರಿಂಗು ಕೂಡ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು ಬರಿಯ ಕಬ್ಬಿಣದ ಕವೆಯಾಗಿ ಉಳಿಯುವುದುಂಟು. ಮೇಲಾಗಿ ಹೆಲ್ಮೆಟ್ಟಿಗೆ ಕಾಸಿಲ್ಲ. ಇನ್ನೊಂದು ದಾರಿ: ಸ್ಪ್ರಿಂಗಿಲ್ಲದ ಗಟ್ಟಿ ಕವೆಯ, ವಿ-ಬ್ರೇಕಿನ ಹೊಸ ಸೈಕಲ್ಲನ್ನು ಏಳು ಸಾವಿರಕ್ಕೆ ಕೊಂಡು ಎರಡು ಸಾವಿರ ಉಳಿಸಿಕೊಳ್ಳುವುದು. ಮೂರನೆಯದು ಹಳೆಯ ಸೈಕಲ್ಲು.

ಮೂರನೆಯದನ್ನೇ ವಿಸ್ತಾರವಾಗಿ ಮಾಡಿಸುವುದು ಉಚಿತ. ಹಳೆಯ ಎಂ.ಟಿ.ಬಿ. 3,500 ರೂಪಾಯಿ. ಟೈರು ಎರಡಕ್ಕೆ 1,100. ಟ್ಯೂಬು ಎರಡಕ್ಕೆ 300. ಬ್ರೇಕಿನ ಬಿಲ್ಲೆಗಳು ಎರಡು ಜೊತೆಗೆ 240. ಬ್ರೇಕು ಮತ್ತು ಗೇರಿನ ತಂತಿಗಳು 200. ಹೊಸ ಸರಪಳಿ 350. ಓವರ್‌ಹಾಲ್ ಕೂಲಿ 400. ಒಟ್ಟು 2,590. ಸೈಕಲ್ಲು ದಾರಿಗೆ ಬರುವಾಗ 6,090 ರೂಪಾಯಿ. ಹೆಲ್ಮೆಟ್ಟು 800, ಕೈಪಂಪು 350, ಪಂಕ್ಚರಿನ ಸಾಮಾನು ಮತ್ತು ಸ್ಪ್ಯಾನರು 250 ಸೇರಿ 7,490. ಇನ್ನೂ 1,510 ಉಳಿಯುತ್ತದೆ. ಫ್ರೀವೀಲೂ ಸವೆದಿದ್ದರೆ ಅದರಲ್ಲಿ 450 ಹೋಗುತ್ತದೆಂದು ಲೆಕ್ಕ ಮುಂದುವರಿಸಬಹುದು. ದಿನಕ್ಕೆ 8 ಕಿಲೋಮೀಟರು, ವರ್ಷಕ್ಕೆ 200 ಶಾಲಾದಿನಗಳು, ಎಂಟರಿಂದ ಹತ್ತನೆಯ ತರಗತಿಯ ವರೆಗೆ ಮೂರು ವರ್ಷ: 4,800 ಕಿಲೋಮೀಟರು. ವರ್ಷಕ್ಕೆ 600 ರೂಪಾಯಿ ಪಾಲನೆಯ ಖರ್ಚು ಸೇರಿಸಿದರೆ 9,290. ಕಿಲೋಮೀಟರಿಗೆ ಎರಡು ರೂಪಾಯಿಗೂ ಕಡಿಮೆ.

ಹಳೆಯದನ್ನು ಕೊಳ್ಳುವವನು ನೋಡಬೇಕಾದವು ಕೆಲವಿವೆ. ಹ್ಯಾಂಡಲಿನ ಕೆಳಗೆ ಚೌಕಟ್ಟಿನ ಕೊಳವೆಗಳು ಸೇರುವಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಕೂದಲೆಳೆಯ ಬಿರುಕಿದ್ದರೆ ಆ ಸೈಕಲ್ಲನ್ನು ಬಿಟ್ಟುಬಿಡಬೇಕು. ಅದು ಎಷ್ಟು ಅಗ್ಗವಾದರೂ ದುಬಾರಿ. ಕ್ರ್ಯಾಂಕನ್ನು ಅಡ್ಡಕ್ಕೆ ಅಲುಗಿಸಿದಾಗ ಕಟಕಟ ಎಂದರೆ ಒಳಗಿನ ಬಾಲ್ಸು ಸವೆದಿವೆ. ಇದು ದುರಸ್ತಿಯಾಗುತ್ತದೆ, ಬೆಲೆ ಇಳಿಸಲು ಕಾರಣವಾಗುತ್ತದೆ. ಗಾಲಿಯನ್ನೆತ್ತಿ ತಿರುಗಿಸಿ ಬ್ರೇಕಿನ ಬಿಲ್ಲೆಯ ಬಳಿ ರಿಮ್ಮು ಓಲಾಡುವುದನ್ನು ನೋಡಬೇಕು. ಮಾರುವವನಿಂದ ಸಹಿ ಹಾಕಿದ ಚೀಟಿಯನ್ನಾದರೂ ಪಡೆಯಬೇಕು. ಉಕ್ಕಿನ ಚೌಕಟ್ಟನ್ನು ಊರಿನ ಬೆಸುಗೆಯವನು ಒಂದು ವೇಳೆ ಸರಿಮಾಡಬಲ್ಲನು. ಅಲ್ಯುಮಿನಿಯಂ ಅವನ ಕೈಗೆ ಸಿಗುವುದಲ್ಲ.

ಚೌಕಟ್ಟಿನ ಅಳತೆಯಲ್ಲಿ ಆಗುವ ತಪ್ಪು ಬೆಳೆಯುವ ಮಗುವಿಗೆ ಅಂಗಿ ಹೊಲಿಸುವಾಗಿನದೇ: ಎರಡು ವರ್ಷ ಮುಂದಕ್ಕೆ ಇರಲೆಂದು ದೊಡ್ಡದನ್ನು ಕೊಳ್ಳುವುದು. ಅಂಗಿ ದೊಡ್ಡದಾದರೆ ಯಾರೂ ಬೀಳುವುದಿಲ್ಲ. ನಡುವಿನ ಕೊಳವೆಯ ಎರಡು ಬದಿಗೆ ಕಾಲಿಟ್ಟು ನಿಂತಾಗ ಐದು ಸೆಂಟಿಮೀಟರಾದರೂ ತೆರಪಿರಬೇಕು. ಪೆಡಲು ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಮೊಣಕಾಲು ನೇರವಾಗುವಷ್ಟು ಸೀಟನ್ನು ಎತ್ತರಿಸಬೇಕು. ಬೆಳೆದಂತೆ ಏರಿಸುವುದು ಸೀಟಿನ ಕಂಬವನ್ನು, ಅದೂ ಅದರ ಮೇಲೆ ಕೊರೆದ ಗೆರೆಯನ್ನು ಮೀರದಂತೆ.

ಟೈರಿನ ಅಂಕೆಗಳ ಬಗ್ಗೆ ಗಣಿತದ ಶಿಕ್ಷಕರು ಪ್ರತ್ಯೇಕವಾಗಿ ಮಾತಾಡಬೇಕಾಗುತ್ತದೆ. 1.5 ಮತ್ತು 1½ ಸಮವೆಂದು ಕಲಿಸಿದವರು ಅವರೇ. ಟೈರಿನಲ್ಲಿ ಮಾತ್ರ 26×1.5 ಬೇರೆ, 26×1½ ಬೇರೆ. ಮೊದಲನೆಯದು ಕೂರುವ ರಿಮ್ಮಿನ ವ್ಯಾಸ 559 ಮಿಲಿಮೀಟರು, ಎರಡನೆಯದರದು 584. 26×1⅜ ಎಂಬ ಇನ್ನೊಂದಕ್ಕೆ 590. ಮೂರಕ್ಕೂ '26 ಅಂಗುಲ' ಎಂದೇ ಹೆಸರು, ಒಂದೂ ಇನ್ನೊಂದಕ್ಕೆ ಹಿಡಿಯುವುದಿಲ್ಲ. ಹಳೆಯ ಬೇರೆ ಬೇರೆ ಕಾರ್ಖಾನೆಗಳ ರೂಢಿಗಳು ಒಂದೇ ಹೆಸರಿನಡಿ ಉಳಿದುಬಂದದ್ದೇ ಇದಕ್ಕೆ ಕಾರಣ. ಟೈರಿನ ಪಕ್ಕದಲ್ಲಿ 50-559 ಎಂಬಂತೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಜೋಡಿ ಅಂಕೆಯಲ್ಲಿ ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ವ್ಯಾಸ. ಅದನ್ನು ಬರೆದುಕೊಂಡು ಪೇಟೆಗೆ ಹೋದ ಮಗು ಮೋಸ ಹೋಗುವುದಿಲ್ಲ. 'ಇಪ್ಪತ್ತಾರರ ಟೈರು ಕೊಡಿ' ಎಂದು ಕೇಳಿ ಬಂದದ್ದನ್ನು ಹಿಂತಿರುಗಿಸಲು ಮೂವತ್ತು ಕಿಲೋಮೀಟರು ಬಸ್ಸು ಹತ್ತಬೇಕಾದ ಊರುಗಳಿಗೆ ಈ ಮಾತು ಮುಖ್ಯ.

ಶನಿವಾರದ ಬೆಳಗು: ಬಿಚ್ಚುವುದು, ಒರೆಸುವುದು

ಹೊಸ ಬಿಡಿಭಾಗ ಹಾಕಿಸುವುದಕ್ಕಿಂತ ಇದ್ದದ್ದನ್ನು ಸರಿಯಾಗಿ ಇಟ್ಟುಕೊಳ್ಳುವುದು ಲಾಭ. ಬೇಕಾದ ಸಾಮಾನು ಅಲ್ಪ: ಹಳೆಯ ಬಟ್ಟೆ, ಹಳೆಯ ಹಲ್ಲುಜ್ಜುವ ಬ್ರಶ್ಶು, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್, ಹೊಲಿಗೆ ಯಂತ್ರದ ಎಣ್ಣೆ, ಒಂದು ಬಕೆಟ್ಟು ನೀರು, ಪಂಕ್ಚರಿನ ಸಾಮಾನು. ಒಬ್ಬರು ಸರಪಳಿ ಒರೆಸುತ್ತಿರುವಾಗ ಇನ್ನೊಬ್ಬರು ಪೆಡಲು ಮುಟ್ಟಬಾರದು. ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ಲಿನ ಹಲ್ಲಿಗೂ ಸರಪಳಿಗೂ ನಡುವೆ ಬೆರಳು ಸಿಕ್ಕರೆ ತುದಿ ಹೋಗುತ್ತದೆ. ಈ ಒಂದು ನಿಯಮಕ್ಕೆ ವಿನಾಯಿತಿಯಿಲ್ಲ. ಸ್ಪ್ಯಾನರು ಹುಡುಗರ ಕೈಯಲ್ಲಿ, ನೀರಿನ ಬಕೆಟ್ಟು ಹುಡುಗಿಯರ ಕೈಯಲ್ಲಿ ಎಂಬ ಹಂಚಿಕೆ ತಾನಾಗಿ ನಡೆದುಬಿಡುತ್ತದೆ. ಶಿಕ್ಷಕರು ಅದನ್ನು ಮೊದಲ ಹತ್ತು ನಿಮಿಷದಲ್ಲಿಯೇ ತಿರುಗಿಸಬೇಕು.

ಸರಪಳಿಯ ಸವೆತವನ್ನು ಕಂಪಾಸು ಪೆಟ್ಟಿಗೆಯ ಜೊತೆಗಿನ ಸ್ಕೇಲೇ ಹೇಳುತ್ತದೆ. ಸೈಕಲ್ಲಿನ ಸರಪಳಿಯ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಅಂಗುಲ. ಆದ್ದರಿಂದ 24 ಅಂತರಗಳಿಗೆ 12 ಅಂಗುಲ. ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದರೆ ಹೊಸ ಸರಪಳಿಯಲ್ಲಿ 12ರ ಗೆರೆ ಇನ್ನೊಂದು ಪಿನ್ನಿನ ನಡುವಿಗೆ ಬರುತ್ತದೆ. ಪಿನ್ನು ಆ ಗೆರೆಯನ್ನು ಅಂಗುಲದ ಹದಿನಾರನೆಯ ಒಂದು ಪಾಲಿನಷ್ಟು ದಾಟಿದ್ದರೆ ಸವೆತ ಶೇಕಡಾ ಅರ್ಧ. ಸರಪಳಿ ಬದಲಿಸುವ ಕಾಲ ಹತ್ತಿರವಾಯಿತು. ಎಂಟನೆಯ ಒಂದು ಪಾಲು ದಾಟಿದ್ದರೆ ಶೇಕಡಾ ಒಂದು; ಅಷ್ಟರಲ್ಲಿ ಅದು ಫ್ರೀವೀಲಿನ ಹಲ್ಲುಗಳನ್ನೂ ತನ್ನ ಅಳತೆಗೆ ಕೊರೆದಿರುತ್ತದೆ. ಆಗ ಹೊಸ ಸರಪಳಿ ಹಾಕಿದರೆ ಹಳೆಯ ಹಲ್ಲಿನ ಮೇಲೆ ಜಿಗಿಯುತ್ತದೆ, ಎರಡನ್ನೂ ಬದಲಿಸಬೇಕಾಗುತ್ತದೆ. 350 ರೂಪಾಯಿಯ ಕೆಲಸವನ್ನು ಮುಂದೂಡಿ 800 ತೆರುವುದು ಹೀಗೆ.

ಎಣ್ಣೆಯ ವಿಷಯದಲ್ಲಿ ಊರಿಗೊಂದು ತಪ್ಪು ರೂಢಿಯಿದೆ. ಕರಾವಳಿಯಲ್ಲಿ ಮನೆಯಲ್ಲಿರುವ ಕೊಬ್ಬರಿಎಣ್ಣೆ ಹಾಕುತ್ತಾರೆ. ಅದು ನೀಲಗಿರಿಯ ಚಳಿಗೆ ಹೋದರಂತೂ ಹೆಪ್ಪುಗಟ್ಟುತ್ತದೆ, ಬೆಚ್ಚಗಿನ ಊರಿನಲ್ಲಿ ಕೆಲ ದಿನಕ್ಕೆ ಅಂಟಾಗುತ್ತದೆ. ಮೋಟಾರು ಬೈಕಿನ ಬಳಸಿದ ಎಣ್ಣೆಯಲ್ಲಿ ಲೋಹದ ಪುಡಿಯಿರುತ್ತದೆ. ಸರಪಳಿಯ ಹೊರಗೆ ಗ್ರೀಸು ಮೆತ್ತಿದರೆ ಧೂಳು ಅಂಟಿ ಉಜ್ಜುಕಾಗದವಾಗುತ್ತದೆ. ಪ್ರತಿ ಉರುಳೆಗೆ ಒಂದು ಹನಿ ತೆಳು ಎಣ್ಣೆ, ಪೆಡಲನ್ನು ಹತ್ತು ಸುತ್ತು ಹಿಂದಕ್ಕೆ ತಿರುಗಿಸಿ, ಹೊರಗಿನದೆಲ್ಲ ಒರೆಸಿಬಿಡುವುದು. ಎಣ್ಣೆ ಬೇಕಾದದ್ದು ಒಳಗೆ. ರಿಮ್ಮಿಗೂ ಡಿಸ್ಕಿಗೂ ಒಂದು ಹನಿಯೂ ಸಿಡಿಯಬಾರದು.

ಪಾಲನೆಯ ಕ್ರಮ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ; ಶಿಕ್ಷಕರು ತಮ್ಮ ಊರಿನದನ್ನೇ ಹಿಡಿಯಬೇಕು. ರಾಯದುರ್ಗ, ಆದೋನಿ, ಮಡಕಶಿರಾ ಕಡೆ ಬಳ್ಳಾರಿ ಜಾಲಿಯ ಮುಳ್ಳೇ ಮುಖ್ಯ ಶತ್ರು. ಪಂಕ್ಚರು ಹಾಕಿದ ಮೇಲೆ ಟೈರಿನ ಒಳಮೈಯನ್ನು ಬೆರಳಿನಿಂದ ಮೆಲ್ಲನೆ ಸವರಿ ಮುರಿದ ಮುಳ್ಳಿನ ತುದಿಯನ್ನು ಹುಡುಕದಿದ್ದರೆ ಸಂಜೆಗೇ ಎರಡನೆಯ ಪಂಕ್ಚರು. ಸೊಲ್ಯೂಷನ್ ಹಚ್ಚಿದ ಕೂಡಲೆ ತೇಪೆ ಒತ್ತುವುದು ಆತುರದ ತಪ್ಪು. ಅದು ಆರಿ ಬೆರಳಿಗೆ ಅಂಟಂಟಾಗುವ ವರೆಗೆ ಕಾಯಬೇಕು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಎರೆಮಣ್ಣು ಮಳೆ ಬಿದ್ದಾಗ ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಲಿಯನ್ನೇ ಕಟ್ಟಿಹಾಕುತ್ತದೆ. ಅಲ್ಲಿ ತೆರಪು ಹೆಚ್ಚಿರುವ ಮಡ್‌ಗಾರ್ಡು ಬೇಕು. ಕಾಸರಗೋಡು, ವಯನಾಡಿನಲ್ಲಿ ಮಳೆಗಾಲದ ಬ್ರೇಕಿನ ಬಿಲ್ಲೆಯಲ್ಲಿ ಸಿಕ್ಕಿಕೊಂಡ ಮರಳು ರಿಮ್ಮನ್ನು ಕೊರೆಯುತ್ತದೆ. ವಾರಕ್ಕೊಮ್ಮೆ ಬಿಲ್ಲೆಯನ್ನು ಗುಂಡುಸೂಜಿಯಿಂದ ಕೆದಕಿ ತೆಗೆಯಬೇಕು. ಗಾಳಿಯ ಒತ್ತಡ ಎಷ್ಟಿರಬೇಕೆಂಬುದು ಟೈರಿನ ಪಕ್ಕದಲ್ಲಿಯೇ ಅಚ್ಚಾಗಿರುತ್ತದೆ. ಎಂ.ಟಿ.ಬಿ.ಗಳ ವಾಲ್ವು ಬಹುಮಟ್ಟಿಗೆ ಮೋಟಾರು ಬೈಕಿನದೇ ಮಾದರಿಯಾದ್ದರಿಂದ ಪೆಟ್ರೋಲು ಬಂಕಿನಲ್ಲಿಯೂ ಗಾಳಿ ಹಿಡಿಸಬಹುದು. ಆದರೆ ಆ ಯಂತ್ರ ರಭಸದ್ದು, ಅಚ್ಚಾದ ಅಂಕೆಗೆ ನಿಲ್ಲಿಸುವಂತೆ ಮೊದಲೇ ಹೇಳಬೇಕು.

ಐದನೆಯ ಅವಧಿ: ಭಾಷೆ

ಗಡಿಯ ಮಗುವಿಗೆ ಸೈಕಲ್ಲಿನ ಮಾತು ಬರುವುದು ದುರಸ್ತಿ ಅಂಗಡಿಯಿಂದ. ಅಂಗಡಿಯ ಭಾಷೆ ತಮಿಳು, ಮಲಯಾಳ, ತೆಲುಗು ಅಥವಾ ಮರಾಠಿ. ಇದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ. ಮಕ್ಕಳು ನಾಲ್ಕು ಅಂಕಣಗಳ ಪಟ್ಟಿ ಮಾಡಲಿ. ಸರಪಳಿಗೆ ಮಲಯಾಳದಲ್ಲಿ 'ಚಙ್ಙಲ', ತಮಿಳಿನಲ್ಲಿ 'ಸಂಗಿಲಿ', ಮರಾಠಿಯಲ್ಲಿ 'ಸಾಖಳಿ', ತೆಲುಗಿನಲ್ಲಿ 'ಗೊಲುಸು'. ಮೊದಲ ಮೂರು ಸಂಸ್ಕೃತದ 'ಶೃಂಖಲಾ' ಶಬ್ದದ ಸಂತಾನ. ಕನ್ನಡದಲ್ಲಿ ಅದೇ ಶಬ್ದ 'ಸಂಕೋಲೆ'ಯಾಗಿ ಕೈದಿಯ ಕಾಲಿಗೆ ಹೋಗಿ, ಸೈಕಲ್ಲಿಗೆ 'ಸರಪಳಿ' ಬಂದಿದೆ. 'ಮಿದಿವಂಡಿ'ಯ 'ಮಿದಿ' ತಮಿಳಿನಲ್ಲಿ ತುಳಿಯುವುದು. ಕನ್ನಡದಲ್ಲಿ ಹಿಟ್ಟು ಮಿದಿಯುತ್ತೇವೆ, ಕುಂಬಾರನು ಮಣ್ಣು ಮಿದಿಯುತ್ತಾನೆ. ಪೆಡಲು, ಬ್ರೇಕು, ಫ್ರೀವೀಲುಗಳಿಗೆ ಯಾರೂ ಆಡದ ಸಂಸ್ಕೃತ ಪದಗಳನ್ನು ಕಟ್ಟಿಕೊಡುವ ಶ್ರಮ ಬೇಡ. ಅದಕ್ಕಿಂತ ಕನ್ನಡದ ಕ್ರಿಯಾಪದಗಳನ್ನು ತಿದ್ದಿ ಕೊಡಬೇಕು: ಬಿಗಿ, ಸಡಿಲಿಸು, ಕಳಚು, ಕೂರಿಸು, ಒರೆಸು, ಸವೆ, ಓಲಾಡು. ನಾಮಪದ ಯಾವ ನಾಡಿನದಾದರೂ ವಾಕ್ಯವನ್ನು ಕನ್ನಡವಾಗಿಸುವುದು ಇವೇ.

ಕೊನೆಯ ಬರವಣಿಗೆ ವಿಧಾನ ನಿರೂಪಣೆಯದು. ಬೇರೊಬ್ಬರು ಓದಿ ಮಾಡಬಹುದಾದಂತೆ ಒಂದು ಕೆಲಸವನ್ನು ಹದಿನೈದು ಸಾಲುಗಳಲ್ಲಿ ಬರೆಯಬೇಕು: ಬ್ರೇಕಿನ ಬಿಲ್ಲೆ ಬದಲಿಸುವುದು, ಪಂಕ್ಚರು ಹಾಕುವುದು, ಇಲ್ಲವೇ ಪೆಡಲು ಕಳಚುವುದು. ಪೆಡಲು ಒಳ್ಳೆಯ ಪರೀಕ್ಷೆ. ಬಲಗಡೆಯ ಪೆಡಲು ಎಲ್ಲ ತಿರುಪುಗಳಂತೆ ಎಡಕ್ಕೆ ತಿರುಗಿಸಿದರೆ ಸಡಿಲುತ್ತದೆ. ಎಡಗಡೆಯದರ ಎಳೆ ವಿರುದ್ಧ, ಬಲಕ್ಕೆ ತಿರುಗಿಸಿದರೆ ಸಡಿಲುತ್ತದೆ. 'ಎಡ' ಎಂದರೆ ಕುಳಿತವನ ಎಡವೋ ಎದುರು ನಿಂತವನ ಎಡವೋ? 'ಮುಂದಿನ ಬಿಲ್ಲೆ' ಎಂದರೆ ಮುಂಗಾಲಿಯದೋ, ಇದಾದ ಮೇಲೆ ಬರುವುದೋ? ಈ ಗೊಂದಲಗಳನ್ನು ಶಿಕ್ಷಕರು ಕೆಂಪು ಶಾಯಿಯಿಂದ ತಿದ್ದಬಾರದು. ಬರೆದದ್ದನ್ನು ಇನ್ನೊಂದು ಗುಂಪಿಗೆ ಕೊಟ್ಟು, ಬರೆದವರು ಬಾಯಿ ಬಿಡದಂತೆ ಪಕ್ಕಕ್ಕೆ ನಿಲ್ಲಿಸಿ, ಓದಿದವರು ಓದಿದಂತೆಯೇ ಮಾಡಲಿ. ಬ್ರೇಕಿನ ಬಿಲ್ಲೆ ತಲೆಕೆಳಗಾಗಿ ಕೂತರೆ, ಎಡ ಪೆಡಲು ಇನ್ನಷ್ಟು ಬಿಗಿಯಾದರೆ, ತಪ್ಪು ಯಾವ ಸಾಲಿನಲ್ಲಿದೆಯೆಂದು ಎರಡು ಗುಂಪುಗಳೂ ಕೂಡಿ ಹುಡುಕಿ ಆ ಸಾಲನ್ನು ಮಾತ್ರ ಮತ್ತೆ ಬರೆಯಬೇಕು. ಅಂಕ ಕೊಡಬೇಕಾದದ್ದು ಎರಡನೆಯ ಸಲ ಬರೆದದ್ದಕ್ಕೆ. ಮನೆಗೆ ಹೊರಡುವ ಮುನ್ನ ಆ ದಿನ ಬಿಚ್ಚಿದ ಪ್ರತಿಯೊಂದು ಸೈಕಲ್ಲಿನ ಬ್ರೇಕು, ಗಾಲಿಯ ನಟ್ಟು, ಹ್ಯಾಂಡಲುಗಳನ್ನು ಶಿಕ್ಷಕರು ತಾವೇ ಕೈಯಿಟ್ಟು ನೋಡಿ ಕಳುಹಿಸತಕ್ಕದ್ದು.